ಅಪ್‌ಡೇಟ್ ಒತ್ತೋ ಮುಂಚೆ: ನೀವು ಕೇಳಿದ್ದು, ನಾವು ಹೇಳಿದ್ದು

ಪ್ರಶ್ನೆ: ಮನೇಲೇ ಒಂದು ರೂಮಲ್ಲಿ ಕೂತು ಮ್ಯೂಸಿಕ್ ಮಾಡ್ತೀನಿ ಸಾರ್. ನಾಲ್ಕು ವರ್ಷದ ಕೆಲಸ ಎಲ್ಲಾ ಒಂದೇ ಕಂಪ್ಯೂಟರಲ್ಲಿದೆ. ಆಪರೇಟಿಂಗ್ ಸಿಸ್ಟಂ ಅಪ್‌ಡೇಟ್ ಮಾಡಿ ಅಂತ ದಿನಾ ಒಂದು ನೋಟಿಫಿಕೇಶನ್ ಬರ್ತಿದೆ. ಪ್ರಾಜೆಕ್ಟ್ ಫೈಲ್‌ಗಳನ್ನೆಲ್ಲಾ ಪೆನ್‌ಡ್ರೈವ್‌ಗೆ ಕಾಪಿ ಮಾಡಿಟ್ಟಿದೀನಿ, ಅಷ್ಟು ಸಾಕಲ್ವಾ? ನನ್ ಫ್ರೆಂಡು ‘ಮ್ಯೂಸಿಕ್ ಕಂಪ್ಯೂಟರ್ ಯಾವತ್ತೂ ಅಪ್‌ಡೇಟ್ ಮಾಡ್ಬಾರ್ದು ಕಣೋ’ ಅಂತಾನೆ.

ಉತ್ತರ: ಸಾಲಲ್ಲ. ನಂಬಿಕೆ ಬರ್ಲಿಲ್ಲ ಅಂದ್ರೆ ಆ ಪೆನ್‌ಡ್ರೈವನ್ನ ಬೇರೆ ಯಾರದ್ದಾದ್ರೂ ಕಂಪ್ಯೂಟರ್‌ಗೆ ಹಾಕಿ, ನೀವು ಮ್ಯೂಸಿಕ್ ಮಾಡೋ ಅದೇ ಸಾಫ್ಟ್‌ವೇರಲ್ಲಿ ನಿಮ್ಮ ಯಾವುದಾದ್ರೂ ಹಳೇ ಹಾಡು ಓಪನ್ ಮಾಡಿ ನೋಡಿ. ಟ್ರ್ಯಾಕ್‌ಗಳು ಸಾಲಾಗಿ ಬರತ್ವೆ, ಹೆಸರು ಇರತ್ತೆ, ಬಣ್ಣ ಇರತ್ತೆ, ಪ್ಲೇ ಒತ್ತಿದ್ರೆ ಡ್ರಮ್ಸ್ ಇಲ್ಲ, ಬೇಸ್ ಇಲ್ಲ, ಫೈಲ್ ಸಿಗ್ತಿಲ್ಲ ಅಂತ ಉದ್ದಕ್ಕೆ ಒಂದು ಪಟ್ಟಿ ಬರತ್ತೆ. ಯಾಕಂದ್ರೆ ಪ್ರಾಜೆಕ್ಟ್ ಫೈಲ್ ಒಳಗೆ ಹಾಡು ಇರಲ್ಲ, ಹಾಡಿನ ಸಾಮಾನು ಎಲ್ಲೆಲ್ಲಿದೆ ಅನ್ನೋ ವಿಳಾಸ ಇರತ್ತೆ ಅಷ್ಟೇ. ಕಿಕ್ ಸ್ಯಾಂಪಲ್ (ಡ್ರಮ್ಮಿನ ರೆಕಾರ್ಡ್ ಮಾಡಿದ ತುಣುಕು) ಡೌನ್‌ಲೋಡ್ಸ್ ಫೋಲ್ಡರಲ್ಲಿ, ಪಿಯಾನೋ ಲೈಬ್ರರಿ ಎರಡನೇ ಡಿಸ್ಕಲ್ಲಿ, ಯಾರೋ ಕಳಿಸಿದ ಗಿಟಾರ್ ಟೇಕ್ ಡೆಸ್ಕ್‌ಟಾಪಲ್ಲಿ. ಪೆನ್‌ಡ್ರೈವ್‌ಗೆ ಹೋಗಿದ್ದು ಬರೀ ವಿಳಾಸ.

ಹಾಗಾಗಿ ಮೊದಲನೇ ಕೆಲಸ, ಪ್ರತಿ ಹಾಡಿನ ಸಾಮಾನನ್ನೂ ಆ ಹಾಡಿನ ಫೋಲ್ಡರ್ ಒಳಗೇ ತಂದು ಹಾಕೋದು. ಇದಕ್ಕೆ ಹೆಚ್ಚಿನ ಸಾಫ್ಟ್‌ವೇರಲ್ಲಿ ಒಂದು ಮೆನು ಇದೆ, ನಾವು ಅದನ್ನ ನೋಡೋಕೇ ಹೋಗಲ್ಲ. ಏಬಲ್ಟನ್‌ನಲ್ಲಿ ‘ಕಲೆಕ್ಟ್ ಆಲ್ ಅಂಡ್ ಸೇವ್’, ಕ್ಯೂಬೇಸ್‌ನಲ್ಲಿ ‘ಬ್ಯಾಕಪ್ ಪ್ರಾಜೆಕ್ಟ್’, ಪ್ರೋ ಟೂಲ್ಸ್‌ನಲ್ಲಿ ‘ಸೇವ್ ಕಾಪಿ ಇನ್’, ಎಫ್‌ಎಲ್ ಸ್ಟುಡಿಯೋದಲ್ಲಿ ‘ಜಿಪ್ಡ್ ಲೂಪ್ ಪ್ಯಾಕೇಜ್’. ಅಂದಹಾಗೆ ನಿಮ್ಮ ಪೆನ್‌ಡ್ರೈವ್ ಫ್ಯಾಟ್32 ಫಾರ್ಮ್ಯಾಟಲ್ಲಿದ್ರೆ 4 ಜಿಬಿ ಮೀರಿದ ಒಂದೇ ಫೈಲನ್ನ ಅದು ತಗೊಳ್ಳೋದೇ ಇಲ್ಲ, ದೊಡ್ಡ ಸ್ಯಾಂಪಲ್ ಲೈಬ್ರರಿ ಕಾಪಿ ಮಾಡ್ವಾಗ ಅರ್ಧಕ್ಕೇ ನಿಂತು ಎರರ್ ಬಂದಿದ್ರೆ ಕಾರಣ ಅದೇ ಇರ್ಬೋದು. ಒಂದು ಎಕ್ಸ್‌ಟರ್ನಲ್ ಡಿಸ್ಕ್ ತಗೊಳಿ, ಆಗ್ಲೇ ಇದ್ರೆ ಇನ್ನೊಂದು ತಗೊಳಿ. ಒಂದೇ ಕಾಪಿ ಇದ್ರೆ ಅದು ಕೈಕೊಡೋ ದಿನಾನೂ ಅಪ್‌ಡೇಟ್ ಮಾಡಿದ ದಿನಾನೇ ಆಗಿರತ್ತೆ, ನನ್ ಅನುಭವದಲ್ಲಿ.

ಇಷ್ಟೆಲ್ಲಾ ಮಾಡಿದ್ರೂ ಇನ್ನೊಂದು ತೊಂದ್ರೆ ಉಳಿಯತ್ತೆ, ಅದು ನನಗೇ ಆಗಿದ್ದು. ಬ್ಯಾಕಪ್ ಎಲ್ಲಾ ಸರಿಯಾಗೇ ಇತ್ತು, ಎರಡು ಡಿಸ್ಕಲ್ಲಿತ್ತು, ಧೈರ್ಯವಾಗಿ ರಾತ್ರಿ ಅಪ್‌ಡೇಟ್‌ಗೆ ಹಾಕಿ ಮಲಗಿದೆ. ಬೆಳಗ್ಗೆ ಎದ್ದು ನೋಡಿದ್ರೆ ಒಂದು ಹಳೇ ಸಿಂತ್ ಪ್ಲಗಿನ್ (ಮ್ಯೂಸಿಕ್ ಸಾಫ್ಟ್‌ವೇರ್ ಒಳಗೆ ವಾದ್ಯದ ಥರ ಸದ್ದು ಹುಟ್ಟಿಸೋ ಚಿಕ್ಕ ಸಾಫ್ಟ್‌ವೇರ್) ಲೋಡ್ ಆಗ್ತಿಲ್ಲ. ಒಂದಿಡೀ ಹಾಡು ಅದರ ಮೇಲೇ ನಿಂತಿತ್ತು. ನೋಟ್ಸ್ ಎಲ್ಲಾ ಕಣ್ಣಿಗೆ ಕಾಣ್ತಿವೆ, ಕರ್ಸರ್ ಅವುಗಳ ಮೇಲೆ ಓಡ್ತಿದೆ, ಸದ್ದಿನ ಮೀಟರ್ ಮಾತ್ರ ಅಲ್ಲಾಡ್ತಿಲ್ಲ. ಅದನ್ನ ಮಾಡಿದವ್ರು ಆ ಪ್ಲಗಿನ್ ಕೈಬಿಟ್ಟು ಎಷ್ಟೋ ಕಾಲ ಆಗಿತ್ತು. ಫೈಲ್ ಒಂದೂ ಕಳ್ದಿಲ್ಲ, ಹಾಡು ಮಾತ್ರ ಇಲ್ಲ! ಇಂಥದ್ದು ದೊಡ್ಡ ಮಟ್ಟದಲ್ಲಿ ಆಗಿದ್ದೂ ಉಂಟು, 2019ರಲ್ಲಿ ಮ್ಯಾಕ್‌ಓಎಸ್ ಕ್ಯಾಟಲಿನಾ ಬಂದಾಗ 32 ಬಿಟ್ ಅನ್ನೋ ಹಳೇ ಥರದ ಸಾಫ್ಟ್‌ವೇರ್‌ಗಳು ಓಡೋದೇ ನಿಂತೋಯ್ತು, ಯಾರ್ಯಾರು ಹಳೇ ಪ್ಲಗಿನ್ ನಂಬ್ಕೊಂಡಿದ್ರೋ ಅವರೆಲ್ಲಾ ತಲೆ ಮೇಲೆ ಕೈ ಹೊತ್ಕೊಂಡು ಕೂತ್ರು.

ಅದಕ್ಕೇ ನಾನು ಈಗ ಯಾರ್ ಕೇಳಿದ್ರೂ ಮೊದಲು ಹೇಳೋದು ಸ್ಟೆಮ್ಸ್ ತೆಗೆದಿಡಿ ಅಂತ. ಅಂದ್ರೆ ಪ್ರತಿ ಟ್ರ್ಯಾಕನ್ನೂ ಬೇರೆಬೇರೆ ವೇವ್ ಫೈಲಾಗಿ ಎಕ್ಸ್‌ಪೋರ್ಟ್ ಮಾಡೋದು. ಅದಕ್ಕೆ ಪ್ಲಗಿನ್ ಬೇಡ, ಲೈಸೆನ್ಸ್ ಬೇಡ, ನಿಮ್ಮ ಸಾಫ್ಟ್‌ವೇರೂ ಬೇಡ, ಯಾವ ಕಂಪ್ಯೂಟರಲ್ಲಿ ಬೇಕಾದ್ರೂ ತೆರೆಯತ್ತೆ. ಜಾಗ ಜಾಸ್ತಿ ಹೋಗತ್ತೆ ಅಂತ ಹೆದರ್ಬೇಡಿ, ಲೆಕ್ಕ ಹಾಕಿ: 48 ಕಿಲೋಹರ್ಟ್ಜ್, 24 ಬಿಟ್ ಸ್ಟೀರಿಯೋದಲ್ಲಿ ಒಂದು ನಿಮಿಷಕ್ಕೆ ಸುಮಾರು 17 ಎಂಬಿ, ನಾಲ್ಕು ನಿಮಿಷದ ಹಾಡು, 30 ಟ್ರ್ಯಾಕ್ ಅಂದ್ರೆ ಹತ್ತಿರತ್ತಿರ 2 ಜಿಬಿ. ಅಷ್ಟೇ. ತೆಗೆಯೋವಾಗ ಒಂದು ಎಡವಟ್ಟು ಎಲ್ಲಾರೂ ಮಾಡ್ತಾರೆ, ಎರಡನೇ ಚರಣದಲ್ಲಿ ಬರೋ ಕೊಳಲನ್ನ ಅದು ಶುರುವಾಗೋ ಜಾಗದಿಂದ ಎಕ್ಸ್‌ಪೋರ್ಟ್ ಮಾಡಿಬಿಡ್ತಾರೆ, ಆಮೇಲೆ ಅದನ್ನ ಎಲ್ಲಿ ಕೂರಿಸೋದು ಅಂತ ಗೊತ್ತಾಗಲ್ಲ. ಎಲ್ಲಾ ಟ್ರ್ಯಾಕೂ ಹಾಡಿನ ಮೊದಲನೇ ಬಾರ್‌ನಿಂದಲೇ ಶುರುವಾಗ್ಲಿ, ಮಧ್ಯೆ ಎಷ್ಟು ಖಾಲಿ ಇದ್ರೂ ಇರ್ಲಿ. ಟೆಂಪೋ ಎಷ್ಟು ಅಂತ ಫೋಲ್ಡರ್ ಹೆಸರಲ್ಲೇ ಬರೀರಿ. ಹಾಡಿದ ದನಿಗೆ ಮಾತ್ರ ಎರಡು ಫೈಲ್ ತೆಗೀರಿ, ರಿವರ್ಬ್ (ದನಿ ಗುಂಯ್ ಅನ್ನಿಸೋ ಎಫೆಕ್ಟ್) ಎಲ್ಲಾ ಸೇರಿದ್ದೊಂದು, ಏನೂ ಸೇರದೇ ಇರೋದೊಂದು. ಮಿಡಿ ಫೈಲೂ (ಯಾವ ಸ್ವರ ಯಾವಾಗ ನುಡಿಸಿದ್ದು ಅನ್ನೋ ದಾಖಲೆ) ಜೊತೆಗಿರ್ಲಿ, ಆ ಸಿಂತ್ ಹೋದ್ರೂ ನುಡಿಸಿದ್ದು ಉಳಿಯತ್ತೆ, ಬೇರೆ ಸೌಂಡ್ ಹಚ್ಚಬೋದು.

ಇನ್ನು ಇಡೀ ಕಂಪ್ಯೂಟರ್ ವಿಷ್ಯ. ವಿಂಡೋಸ್ ಆದ್ರೆ ಇಡೀ ಡಿಸ್ಕಿನ ಇಮೇಜ್, ಅಂದ್ರೆ ಇದ್ದ ಹಾಗೇ ಪೂರ್ತಿ ನಕಲು, ತೆಗೆಯೋ ಸಾಫ್ಟ್‌ವೇರ್‌ಗಳಿವೆ, ಒಂದು ಇಮೇಜ್ ತೆಗೆದು, ಅದರಿಂದ ವಾಪಸ್ ಬರೋಕೆ ಬೇಕಾದ ಬೂಟ್ ಪೆನ್‌ಡ್ರೈವನ್ನೂ ಅವತ್ತೇ ಮಾಡಿಟ್ಕೊಳಿ (ನಿಮ್ ಪೆನ್‌ಡ್ರೈವ್‌ಗೆ ಸರಿಯಾದ ಕೆಲಸ ಸಿಕ್ತು). ಸಿಸ್ಟಂ ರಿಸ್ಟೋರ್ ಇದೆಯಲ್ಲ ಅನ್ಬೇಡಿ, ಅದು ನಿಮ್ಮ ಹಾಡಿನ ಫೈಲ್‌ಗಳನ್ನ ಮುಟ್ಟೋದೇ ಇಲ್ಲ. ಡಿಸ್ಕಿಗೆ ಬೀಗ ಹಾಕೋ ಬಿಟ್‌ಲಾಕರ್ ಆನ್ ಇದ್ರೆ ಅದರ 48 ಅಂಕಿಯ ರಿಕವರಿ ಕೀ ಕಾಗದದ ಮೇಲೆ ಬರ್ಕೊಂಡಿರಿ, ಕೆಲವು ಅಪ್‌ಡೇಟ್ ಆದ್ಮೇಲೆ ಅದು ಕೇಳತ್ತೆ, ಆಗ ಅದು ಅದೇ ಕಂಪ್ಯೂಟರ್ ಒಳಗೆ ನೋಟ್‌ಪ್ಯಾಡಲ್ಲಿದ್ರೆ ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ಮ್ಯಾಕ್ ಆದ್ರೆ ಅದರಲ್ಲೇ ಬರೋ ಬ್ಯಾಕಪ್ ಸಾಫ್ಟ್‌ವೇರ್ ಟೈಮ್ ಮೆಷಿನ್ ಬೇಕೇ ಬೇಕು, ಆದ್ರೆ ಅದೊಂದರಿಂದ್ಲೇ ಹಳೇ ಮ್ಯಾಕ್‌ಓಎಸ್‌ಗೆ ವಾಪಸ್ ಹೋಗ್ಬೋದು ಅಂದ್ಕೊಂಡಿದ್ರೆ ಹಾಗಾಗಲ್ಲ. 2020ರ ಬಿಗ್ ಸರ್‌ನಿಂದ ಈಚೆಗೆ ಸಿಸ್ಟಂ ಭಾಗ ಸೀಲ್ ಆಗಿರೋ ಬೇರೆ ವಾಲ್ಯೂಮಲ್ಲಿ (ಡಿಸ್ಕಿನ ಒಂದು ಪ್ರತ್ಯೇಕ ಪಾಲಲ್ಲಿ) ಇರತ್ತೆ, ಡಿಸ್ಕ್ ಅಳಿಸಿ ಹಳೇದನ್ನ ಹೊಸದಾಗಿ ಇನ್‌ಸ್ಟಾಲ್ ಮಾಡಿ ಆಮೇಲೆ ನಿಮ್ಮ ಡೇಟಾ ಎಳ್ಕೋಬೇಕು, ಅರ್ಧ ದಿನದ ಕೆಲಸ. ನನ್ ಕೇಳಿದ್ರೆ, ಹೊಸ ಓಎಸ್‌ನ ಮೊದಲು ಒಂದು ಎಕ್ಸ್‌ಟರ್ನಲ್ ಎಸ್‌ಎಸ್‌ಡಿಗೆ ಹಾಕಿ, ಅದರಿಂದ ಬೂಟ್ ಮಾಡಿ, ನಿಮ್ ಆಡಿಯೋ ಇಂಟರ್‌ಫೇಸ್ (ಮೈಕು, ಸ್ಪೀಕರ್ ಸಿಕ್ಕಿಸೋ ಡಬ್ಬ) ಸದ್ದು ಮಾಡತ್ತಾ, ಮುಖ್ಯವಾದ ನಾಲ್ಕೈದು ಪ್ಲಗಿನ್ ತೆರೆಯತ್ತಾ ಅಂತ ನೋಡಿ ಆಮೇಲೆ ಅಸಲಿ ಡಿಸ್ಕಿಗೆ ಕೈ ಹಾಕಿ.

ಲೈಸೆನ್ಸ್ ಮರೀಬೇಡಿ. ಐಲಾಕ್ ಥರದ, ಪ್ಲಗಿನ್ ಲೈಸೆನ್ಸ್ ಇಟ್ಕೊಳ್ಳೋ ವ್ಯವಸ್ಥೆಗಳಲ್ಲಿ ಲೈಸೆನ್ಸು ಯುಎಸ್‌ಬಿ ಕೀಯಲ್ಲಿರ್ಬೋದು, ಕ್ಲೌಡಲ್ಲಿರ್ಬೋದು, ಕಂಪ್ಯೂಟರಲ್ಲೇ ಇರ್ಬೋದು. ಕಂಪ್ಯೂಟರಲ್ಲೇ ಇದ್ದು ನೀವು ಡಿಸ್ಕ್ ಅಳಿಸಿದ್ರೆ ಅದು ಅಲ್ಲೇ ಸಿಕ್ಕಾಕೊಳ್ಳತ್ತೆ, ಅಳಿಸೋ ಮುಂಚೆ ಡಿಆಕ್ಟಿವೇಟ್ ಮಾಡಿ. ಈಗ ಓಡ್ತಿರೋ ಪ್ಲಗಿನ್‌ಗಳ ಇನ್‌ಸ್ಟಾಲರ್ ಫೈಲ್‌ಗಳನ್ನೂ ಇಟ್ಕೊಳಿ, ಎಷ್ಟೋ ಸೈಟಲ್ಲಿ ಹೊಸ ವರ್ಷನ್ ಒಂದೇ ಸಿಗೋದು.

ಫ್ರೆಂಡ್ ಮಾತಿಗೆ ಬರೋದಾದ್ರೆ, ಇಂಟರ್ನೆಟ್ಟೇ ಇಲ್ಲದ ಕಂಪ್ಯೂಟರ್ ಆದ್ರೆ ಸರಿ ಅನ್ಬೋದು. ಅದರಲ್ಲೇ ಮೇಲ್ ನೋಡ್ತೀರಿ, ಸ್ಯಾಂಪಲ್ ಇಳಿಸ್ತೀರಿ ಅಂದ್ರೆ ಸೆಕ್ಯುರಿಟಿ ಅಪ್‌ಡೇಟ್ ಬಿಡೋ ಹಾಗಿಲ್ಲ. ಹಾಡು ಒಪ್ಪಿಸಬೇಕಾದ ಹಿಂದಿನ ದಿನ ಮಾಡ್ಬೇಡಿ, ಅಷ್ಟೇ.

ಪ್ರಶ್ನೆ: ನನ್ನದೆಲ್ಲಾ ಕ್ಲೌಡಿಗೆ ತಾನಾಗೇ ಸಿಂಕ್ ಆಗತ್ತೆ. ಇನ್ನೂ ಹಾರ್ಡ್‌ಡಿಸ್ಕ್ ಯಾಕೆ?

ಉತ್ತರ: ನೀವು ಇಲ್ಲಿ ಡಿಲೀಟ್ ಮಾಡಿದ್ದು ಅಲ್ಲೂ ಡಿಲೀಟ್ ಆಗತ್ತಲ್ಲಾ ಮೇಡಂ, ಕೆಟ್ಟುಹೋದ ಫೈಲ್ ಸೇವ್ ಮಾಡಿದ್ರೆ ಒಳ್ಳೇದರ ಮೇಲೆ ಕೆಟ್ಟದ್ದೇ ಹೋಗಿ ಕೂರತ್ತೆ. ಕೆಲವು ಕ್ಲೌಡ್‌ನವರು ಹಳೇ ವರ್ಷನ್ ಕೆಲವು ದಿನ ಇಟ್ಟಿರ್ತಾರೆ, ಅದನ್ನೇ ನಂಬ್ಕೊಂಡು ಕೂರೋದು ನನಗಂತೂ ಇಷ್ಟ ಇಲ್ಲ. ಇನ್ನೊಂದು, ಜಾಗ ಉಳಿಸೋ ಆಪ್ಷನ್ ಆನ್ ಇದ್ರೆ ಫೈಲ್ ನಿಮ್ ಡಿಸ್ಕಲ್ಲಿ ಇರೋದೇ ಇಲ್ಲ, ಬರೀ ಹೆಸರು ಇರತ್ತೆ. ಬ್ಯಾಕಪ್ ತೆಗೆಯೋ ಮುಂಚೆ ಎಲ್ಲಾ ಕೆಳಗಿಳಿಸ್ಕೊಳಿ.

ಪ್ರಶ್ನೆ: ಏಬಲ್ಟನ್ 11ರಿಂದ 12ಕ್ಕೆ ಹೋದೆ. ಹಳೇ ಹಾಡು ತೆಗೆದು ಚೂರು ಸರಿ ಮಾಡಿ ಸೇವ್ ಮಾಡಿದೆ, ಈಗ ಜೊತೆಗಾರನ 11ರಲ್ಲಿ ತೆರೀತಾ ಇಲ್ಲ. ಏನಾದ್ರೂ ಮಾಡ್ಬೋದಾ?

ಉತ್ತರ: ಹೊಸದರಲ್ಲಿ ಸೇವ್ ಮಾಡಿದ್ದು ಹಳೇದರಲ್ಲಿ ತೆರೆಯಲ್ಲ. ಆದ್ರೆ ಪ್ರಾಜೆಕ್ಟ್ ಫೋಲ್ಡರ್ ಒಳಗೆ ‘ಬ್ಯಾಕಪ್’ ಅಂತ ಒಂದು ಫೋಲ್ಡರ್ ಇರತ್ತೆ, ಹಿಂದಿನ ಸೇವ್‌ಗಳು ಅಲ್ಲಿ ತಾರೀಕಿನ ಸಮೇತ ಇರತ್ವೆ, ಹೊಸದಕ್ಕೆ ಹೋಗೋ ಮುಂಚಿನದನ್ನ ಹುಡುಕಿ ಅವರಿಗೆ ಕಳಿಸಿ. ತುಂಬಾ ಸಲ ಸೇವ್ ಒತ್ತಿದ್ರೆ ಹಳೇವು ಹೋಗ್ಬಿಡತ್ವೆ, ಅದಕ್ಕೆ ಈಗ ಆ ಹಾಡನ್ನ ಮತ್ತೆ ತೆಗೆದು ಸೇವ್ ಮಾಡೋಕೆ ಹೋಗ್ಬೇಡಿ, ಮೊದಲು ಆ ಫೋಲ್ಡರ್ ನೋಡಿ.