ಅಮ್ಮನಿಗೆ ಥಾಲಿಯಂ ಸ್ಟ್ರೆಸ್ ಟೆಸ್ಟ್ ಬರೆದಿದ್ದಾರೆ, ವಿಕಿರಣದ ಇಂಜೆಕ್ಷನ್‌ನಿಂದ ಅಪಾಯ ಇದೆಯಾ?

ಅಮ್ಮನಿಗೆ 64 ವರ್ಷ, ಎದೆನೋವಿದೆ, ಮಂಡಿನೋವಿನಿಂದ ಟ್ರೆಡ್‌ಮಿಲ್ ಮೇಲೆ ನಡೆಯೋಕಾಗಲ್ಲ, ವಿಕಿರಣದಿಂದ ಮುಂದೆ ಕ್ಯಾನ್ಸರ್ ಬರುತ್ತಾ ಅಂತ ಕೇಳಿದ್ದೀರಿ. ಹೃದಯಕ್ಕೆ ರಕ್ತ ಸರಿಯಾಗಿ ಹರಿಯುತ್ತಾ ಅಂತ ನೋಡೋ ಇದೇ ಟೆಸ್ಟ್ ನಮ್ಮಪ್ಪನಿಗೆ ಬರೆದಾಗ ನಾನೂ ಒಂದು ವಾರ ಕೂತು ವಿಕಿರಣದ ಬಗ್ಗೆಯೇ ಓದಿದೆ. ಓದಬೇಕಾಗಿದ್ದ ಮಾತ್ರೆ ಸ್ಟ್ರಿಪ್ಪಿನ ಹಿಂಬದಿ ಮಾತ್ರ ಓದಲಿಲ್ಲ.

ಆಸ್ಪತ್ರೆಯವರು ಹಿಂದಿನ ದಿನದಿಂದ ಕಾಫಿ ಬೇಡ ಅಂದಿದ್ದರು. ಅಪ್ಪ ದಿನಕ್ಕೆ ನಾಲ್ಕು ಲೋಟ ಫಿಲ್ಟರ್ ಕಾಫಿ ಕುಡಿಯೋರು. ಸಂಜೆ ಹೊತ್ತಿಗೆ ತಲೆ ಸಿಡಿಯೋಕೆ ಶುರುವಾಯಿತು. ಕಾಫಿ ಬಿಟ್ಟವರಿಗೆ ಬರೋ ತಲೆನೋವು ಅದು, ಆಗ ನನಗೆ ಹೊಳೆಯಲಿಲ್ಲ. ಮೆಡಿಕಲ್ ಶಾಪಿಂದ ತಲೆನೋವಿನ ಮಾತ್ರೆ ತಂದು ರಾತ್ರಿ ಒಂದು, ಬೆಳಿಗ್ಗೆ ಐದಕ್ಕೆ ಇನ್ನೊಂದು ಕೊಟ್ಟೆ. ಕಾಫಿ ತಾನೇ ಬೇಡ ಅಂದಿದ್ದು ಅಂತ ಜೊತೆಗೆ ಒಂದು ಲೋಟ ಸ್ಟ್ರಾಂಗ್ ಟೀ. ಆ ಸ್ಟ್ರಿಪ್ಪಿನ ಹಿಂದೆ, ಪ್ಯಾರಾಸಿಟಮಾಲ್ ಸಾಲಿನ ಕೆಳಗೆ ಸಣ್ಣಕ್ಷರದಲ್ಲಿ "ಕೆಫೀನ್ 50 ಮಿಗ್ರಾಂ" ಅಂತ ಇತ್ತು. ಟೀಯಲ್ಲಿರೋದೂ ಅದೇ ಕೆಫೀನ್.

ಇದರಿಂದ ಏನು ಕೆಡುತ್ತೆ ಅಂತ ಬಿಡಿಸಿ ಹೇಳ್ತೀನಿ, ಯಾಕೆಂದರೆ ನನಗೆ ಯಾರೂ ಹೇಳಿರಲಿಲ್ಲ. ನಡೆಯೋಕಾಗದವರಿಗೆ ಅಡಿನೋಸಿನ್ ಅಥವಾ ರೆಗಡೆನೋಸನ್ ಅನ್ನೋ ಸ್ಟ್ರೆಸ್ ಔಷಧ ಕೊಟ್ಟು ಹೃದಯದ ರಕ್ತನಾಳ ಅಗಲ ಮಾಡ್ತಾರೆ. ಚೆನ್ನಾಗಿರೋ ನಾಳದಲ್ಲಿ ರಕ್ತ ಮೂರು ನಾಲ್ಕು ಪಟ್ಟು ಜಾಸ್ತಿ ಹರಿಯುತ್ತೆ. ಕಟ್ಟಿಕೊಂಡಿರೋ ನಾಳದ ಮುಂದಿನ ಭಾಗ ಅಷ್ಟರಲ್ಲೇ ಆದಷ್ಟೂ ಹಿಗ್ಗಿಕೊಂಡಿರುತ್ತೆ, ಇನ್ನು ಹಿಗ್ಗೋಕೆ ಜಾಗವೇ ಇಲ್ಲ. ವಿಕಿರಣದ ಔಷಧ ರಕ್ತದ ಹಿಂದೆ ಹೋಗುತ್ತೆ, ಹಾಗಾಗಿ ಚಿತ್ರದಲ್ಲಿ ಒಂದು ಕಡೆ ಬೆಳಕು, ಇನ್ನೊಂದು ಕಡೆ ಮಂಕು. ಈ ವ್ಯತ್ಯಾಸವೇ ಟೆಸ್ಟ್. ಅಡಿನೋಸಿನ್ ಕೂರಬೇಕಾದ ಗ್ರಾಹಕದ (ರಿಸೆಪ್ಟರ್, ಜೀವಕೋಶದಲ್ಲಿ ಔಷಧ ಬಂದು ಕೂರೋ ಜಾಗ) ಮೇಲೆ ಕೆಫೀನ್ ಮೊದಲೇ ಬಂದು ಕೂತಿದ್ದರೆ ನಾಳ ಪೂರ್ತಿ ತೆರೆಯಲ್ಲ, ಎರಡೂ ಕಡೆ ರಕ್ತ ಒಂದೇ ಥರ ಹರಿಯುತ್ತೆ, ಚಿತ್ರ ಒಂದೇ ಸಮ ಬರುತ್ತೆ. ಯಂತ್ರ ತಪ್ಪು ತೋರಿಸ್ತಿಲ್ಲ, ಇದ್ದದ್ದನ್ನೇ ತೋರಿಸ್ತಿದೆ. ಅಪ್ಪನ ರಿಪೋರ್ಟ್ ನಾರ್ಮಲ್ ಅಂತ ಬಂತು. ಹತ್ತು ವಾರ ಆದಮೇಲೆ ಮೆಟ್ಟಿಲು ಹತ್ತೋಕೇ ಆಗದೆ ಹೋದಾಗ ಇನ್ನೊಬ್ಬ ಡಾಕ್ಟರ್ ಆವತ್ತು ಏನೇನು ತಿಂದಿದ್ದರು ಅಂತ ಒಂದೊಂದಾಗಿ ಕೇಳಿ, ಟೆಸ್ಟ್ ಮತ್ತೆ ಮಾಡಿಸಿದರು. ಹೃದಯದ ಮುಂಭಾಗದ ಗೋಡೆ ಮಂಕಾಗಿ ಕಾಣಿಸಿತು. ನಾನು ಯಾವ ವಿಕಿರಣಕ್ಕೆ ಹೆದರಿದ್ದೆನೋ ಅದನ್ನೇ ಅಪ್ಪ ಎರಡನೇ ಸಲ ತಗೋಬೇಕಾಯಿತು, ಹತ್ತು ವಾರವೂ ಹೋಯಿತು.

ಈಗ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗದಲ್ಲೇ ಟೆಕ್ನಾಲಜಿಸ್ಟ್ ಕೆಲಸ ಮಾಡ್ತೀನಿ. ನಿಮ್ಮ ಪ್ರಶ್ನೆಗೆ ಬರ್ತೀನಿ.

ಥಾಲಿಯಂ ಟೆಸ್ಟ್ ಅನ್ನೋದು ಹಳೇ ಹೆಸರು, ಡಾಕ್ಟರುಗಳ ಬಾಯಲ್ಲಿ ಉಳಿದುಬಿಟ್ಟಿದೆ. ಹೆಚ್ಚಿನ ಕಡೆ ಈಗ ಕೊಡೋದು ಟೆಕ್ನೀಷಿಯಂ-99ಎಂ ಅನ್ನೋ ವಿಕಿರಣ ವಸ್ತು, ಅದರ ಅರ್ಧಾಯುಷ್ಯ (ವಿಕಿರಣ ಅರ್ಧಕ್ಕೆ ಇಳಿಯೋಕೆ ಬೇಕಾದ ಹೊತ್ತು) 6 ಗಂಟೆ. ಥಾಲಿಯಂ-201ರದ್ದು 73 ಗಂಟೆ. ಟೆಕ್ನೀಷಿಯಂನಲ್ಲಿ ಸುಮ್ಮನಿದ್ದಾಗ ಒಂದು (ವಿಶ್ರಾಂತಿ), ಸ್ಟ್ರೆಸ್ ಔಷಧ ಕೊಟ್ಟಾಗ ಒಂದು (ಸ್ಟ್ರೆಸ್), ಎರಡೂ ಇಂಜೆಕ್ಷನ್ ಸೇರಿದರೆ ಸುಮಾರು 9ರಿಂದ 12 ಮಿಲಿಸೀವರ್ಟ್ (ಮೈಗೆ ತಗಲೋ ವಿಕಿರಣದ ಅಳತೆ). ಥಾಲಿಯಂನಲ್ಲಿ ಅದು 15 ದಾಟುತ್ತೆ. ಮಣ್ಣು, ಗಾಳಿ, ಆಕಾಶದಿಂದ ನಮಗೆಲ್ಲ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ಹೇಗಿದ್ದರೂ ಬರುತ್ತೆ. 10 ಮಿಲಿಸೀವರ್ಟ್‌ಗೆ ಸಾವಿರದಿಂದ ಎರಡು ಸಾವಿರ ಜನರಲ್ಲಿ ಒಬ್ಬರಿಗೆ ಮುಂದೆ ಕ್ಯಾನ್ಸರ್ ಬರಬಹುದು ಅನ್ನೋದು ಲೆಕ್ಕದ ಅಂದಾಜು. ಅದೂ ಎಲ್ಲ ವಯಸ್ಸಿನವರನ್ನೂ ಸೇರಿಸಿ ಹಾಕಿದ್ದು. 64ರವರಿಗೆ ಇನ್ನೂ ಕಡಿಮೆ. ಎದೆನೋವಿರೋ 64ರ ಹೆಂಗಸಿಗೆ ಕಂಡುಹಿಡಿಯದೆ ಬಿಟ್ಟ ಹೃದಯದ ಕಾಯಿಲೆ ಇದಕ್ಕಿಂತ ಎಷ್ಟೋ ದೊಡ್ಡ ಅಪಾಯ.

ಹಾಗಾಗಿ ವಿಭಾಗದಲ್ಲಿ ಎರಡು ಪ್ರಶ್ನೆ ಕೇಳಿ. ಯಾವ ಐಸೋಟೋಪ್, ಅಂದರೆ ಟೆಕ್ನೀಷಿಯಂ ಕೊಡ್ತೀರೋ ಥಾಲಿಯಂ ಕೊಡ್ತೀರೋ? ಸ್ಟ್ರೆಸ್ ಭಾಗ ಮೊದಲು ಮಾಡೋಕಾಗುತ್ತಾ? ಸ್ಟ್ರೆಸ್ ಚಿತ್ರ ಚೆನ್ನಾಗಿ ಬಂದು ನಾರ್ಮಲ್ ಇದ್ದರೆ ವಿಶ್ರಾಂತಿಯ ಇಂಜೆಕ್ಷನ್ ಬೇಕಾಗಲ್ಲ, ವಿಕಿರಣ ಅಷ್ಟು ಉಳಿಯುತ್ತೆ.

ಔಷಧ ತಯಾರಿಯಲ್ಲೂ ಕೆಡೋದುಂಟು. ಮೂಲವಸ್ತು ಮಾಲಿಬ್ಡಿನಂ-99 ಇರೋ, ಟೆಕ್ನೀಷಿಯಂ ಹುಟ್ಟೋ ಡಬ್ಬಿಗೆ ಜನರೇಟರ್ ಅಂತೀವಿ. ಬೆಳಿಗ್ಗೆ ಅದಕ್ಕೆ ಸಲೈನ್ ಹಾಯಿಸಿ, ಹಾಲು ಕರೆದಂತೆ, ಟೆಕ್ನೀಷಿಯಂ ತೆಗೀತೀವಿ. ಅದರಲ್ಲಿ ಮೂಲದ ಮಾಲಿಬ್ಡಿನಂ-99 ಬೆರೆತಿದೆಯಾ ಅಂತ ಅಳೀಬೇಕು. ಒಂದು ಮಿಲಿಕ್ಯೂರಿ ಟೆಕ್ನೀಷಿಯಂಗೆ 0.15 ಮೈಕ್ರೋಕ್ಯೂರಿ ಮಿತಿ (ಕ್ಯೂರಿ ಅನ್ನೋದು ವಿಕಿರಣ ವಸ್ತುವನ್ನ ಅಳೆಯೋ ಮಾನ). ಆಮೇಲೆ ಟೆಕ್ನೀಷಿಯಂ ಅನ್ನ ಹೃದಯಕ್ಕೆ ಒಯ್ಯೋ ಸೆಸ್ಟಾಮಿಬಿ ಅನ್ನೋ ಔಷಧದ ಬಾಟಲಿಗೆ ಸೇರಿಸಿ, ಸೀಸದ ಡಬ್ಬಿಯೊಳಗೇ ಇಟ್ಟು, ಕುದಿಯೋ ನೀರಲ್ಲಿ 10 ನಿಮಿಷ. ಅವಸರ ಮಾಡಿ ಐದು ನಿಮಿಷಕ್ಕೆ ತೆಗೆದರೆ ಟೆಕ್ನೀಷಿಯಂ ಸರಿಯಾಗಿ ಕಟ್ಟಿಕೊಳ್ಳಲ್ಲ. ಬಿಡಿಯಾಗಿ ಉಳಿದದ್ದು ಥೈರಾಯ್ಡ್‌ಗೆ, ಹೊಟ್ಟೆಗೆ ಹೋಗುತ್ತೆ, ಹೃದಯದ ಕೆಳಗೋಡೆ ಪಕ್ಕದಲ್ಲೇ ಹೊಟ್ಟೆ ಹೊಳೆದು ಚಿತ್ರ ಹಾಳು. ಅದಕ್ಕೇ ಶುದ್ಧತೆ 90 ಶೇಕಡಾಕ್ಕಿಂತ ಕಡಿಮೆ ಬಂದರೆ ಆ ಬಾಟಲಿ ಯಾರಿಗೂ ಕೊಡೋ ಹಾಗಿಲ್ಲ.

ವಿಕಿರಣದ ಕಡೆಯಿಂದ ದೊಡ್ಡ ಎಡವಟ್ಟು ಆಗಿಲ್ಲ ಅಂತ ಹೇಳಲ್ಲ. 2011ರಲ್ಲಿ ಅಮೆರಿಕದಲ್ಲಿ ಕಾರ್ಡಿಯೋಜೆನ್-82 ಅನ್ನೋ ರುಬಿಡಿಯಂ ಜನರೇಟರ್‌ನಿಂದ ಸ್ಟ್ರಾನ್ಷಿಯಂ ಸೋರಿ ರೋಗಿಗಳ ಮೈಗೆ ಹೋಗಿತ್ತು. ಆ ರೋಗಿಗಳು ಗಡಿ ದಾಟುವಾಗ ವಿಕಿರಣ ಪತ್ತೆ ಯಂತ್ರ ಕೂಗಿದಾಗಲೇ ಅದು ಗೊತ್ತಾಗಿದ್ದು. ಜನರೇಟರ್‌ಗಳನ್ನ ವಾಪಸ್ ತರಿಸಿಕೊಂಡರು. ಅದು ಪೆಟ್ ಅನ್ನೋ ಬೇರೆ ಥರದ ಸ್ಕ್ಯಾನ್‌ನ ಔಷಧ, ಅಮ್ಮನಿಗೆ ಕೊಡೋದು ಬೇರೆ.

ಆದರೆ ನಿಮ್ಮ ಪ್ರಶ್ನೆ ಇರೋ ಜಾಗವೇ ತಪ್ಪು ಅನ್ನೋದು ನನ್ನ ಅಭಿಪ್ರಾಯ. ಆವತ್ತು ಆ ಕೋಣೆಯಲ್ಲಿ ಎಚ್ಚರ ಬೇಕಾಗಿರೋದು ವಿಕಿರಣದ ಸಿರಿಂಜಿಗಿಂತ ಸ್ಟ್ರೆಸ್ ಔಷಧದ ಸಿರಿಂಜಿಗೆ. 2013ರ ನವೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಕೆ ಕೊಟ್ಟಿದ್ದು ಇದರ ಬಗ್ಗೆಯೇ: ಅಡಿನೋಸಿನ್, ರೆಗಡೆನೋಸನ್‌ನಿಂದ ಅಪರೂಪಕ್ಕೆ ಹೃದಯಾಘಾತ, ಸಾವೂ ಆಗಬಹುದು, ಸುಮ್ಮನೆ ಕೂತಿದ್ದಾಗಲೂ ಎದೆನೋವು ಬರ್ತಿರೋರಿಗೆ ಕೊಡಬೇಡಿ ಅಂತ. ಅಮ್ಮನಿಗೆ ಇತ್ತೀಚೆಗೆ ಎದೆನೋವು ಜಾಸ್ತಿಯಾಗಿದ್ದರೆ, ಕೂತಲ್ಲೇ ಬರ್ತಿದ್ದರೆ, ಟೆಸ್ಟ್ ದಿನಕ್ಕೆ ಕಾಯದೆ ಈಗಲೇ ಡಾಕ್ಟರ್‌ಗೆ ಹೇಳಿ. ಉಬ್ಬಸ ಇದ್ದರೆ, ಹಾರ್ಟ್ ಬ್ಲಾಕ್ (ಹೃದಯದ ವಿದ್ಯುತ್ ಸಂಕೇತಕ್ಕೆ ತಡೆ) ಅಂತ ಇಸಿಜಿಯಲ್ಲಿ ಬಂದಿದ್ದರೆ, ಮೇಲಿನ ಬಿಪಿ 90ಕ್ಕಿಂತ ಕೆಳಗಿದ್ದರೆ ಬೇರೆ ದಾರಿ ನೋಡ್ತಾರೆ, ಹೃದಯ ಜೋರಾಗಿ ಬಡಿಯೋ ಹಾಗೆ ಮಾಡೋ ಡೊಬುಟಮಿನ್ ಕೊಡಬಹುದು.

ಔಷಧ ಹೋಗುವಾಗ ಮುಖ ಬಿಸಿಯಾಗುತ್ತೆ, ಎದೆ ಬಿಗಿಯುತ್ತೆ, ಉಸಿರು ಸಾಲದ ಹಾಗಾಗುತ್ತೆ. ಅಮ್ಮನಿಗೆ ಮೊದಲೇ ಹೇಳಿಡಿ, ಗಾಬರಿಯಾಗಲ್ಲ. ಅಡಿನೋಸಿನ್ ಆದರೆ ಹನಿ ನಿಲ್ಲಿಸಿದ ಒಂದೆರಡು ನಿಮಿಷದಲ್ಲಿ ಇಳಿಯುತ್ತೆ. ರೆಗಡೆನೋಸನ್ ಸ್ವಲ್ಪ ಹೊತ್ತು ಇರುತ್ತೆ, ಅದಕ್ಕೆ ಅದರ ಪರಿಣಾಮ ಇಳಿಸೋ ಅಮಿನೋಫಿಲಿನ್ ಪಕ್ಕದಲ್ಲೇ ಸಿದ್ಧ ಇರುತ್ತೆ. ಕೈಯಲ್ಲಿ ಸೂಜಿ ಚುಚ್ಚಿದ ಜಾಗ ಊದಿದರೆ, ಉರಿದರೆ ತಕ್ಷಣ ಹೇಳಲಿ, ಔಷಧ ನಾಳದಿಂದ ಹೊರಗೆ ಹೋಗ್ತಿರಬಹುದು.

ಟೆಸ್ಟ್‌ಗೆ ಮುಂಚಿನ 24 ಗಂಟೆ ಕಾಫಿ, ಟೀ, ಕೋಲಾ, ಚಾಕೊಲೇಟ್ ಯಾವುದೂ ಬೇಡ, ಕೆಫೀನ್ ತೆಗೆದ ಡಿಕ್ಯಾಫ್ ಕಾಫಿ ಕೂಡ ಬೇಡ. ಕಾಫಿ ಚಟ ಜೋರಿದ್ದರೆ ಮೂರು ನಾಲ್ಕು ದಿನ ಮೊದಲೇ ಲೋಟ ಕಡಿಮೆ ಮಾಡ್ತಾ ಬನ್ನಿ. ತಲೆನೋವಿಗೆ ಬರೀ ಪ್ಯಾರಾಸಿಟಮಾಲ್ ಮಾತ್ರ. ಉಬ್ಬಸಕ್ಕೆ ಡೆರಿಫಿಲಿನ್ ತಗೊಳ್ತಿದ್ದರೆ 48 ಗಂಟೆ ಮುಂಚೆ ನಿಲ್ಲಿಸಬೇಕು, ರಕ್ತ ಹೆಪ್ಪುಗಟ್ಟದ ಹಾಗೆ ಕೊಡೋ ಡೈಪಿರಿಡಮೋಲ್ ಕೂಡ, ಆದರೆ ಡಾಕ್ಟರ್ ಹೇಳದೆ ನೀವೇ ನಿಲ್ಲಿಸಬೇಡಿ. ಅಕಸ್ಮಾತ್ ಒಂದು ಗುಟುಕು ಟೀ ಕುಡಿದುಬಿಟ್ಟಿದ್ದರೂ ಮುಚ್ಚಿಡಬೇಡಿ. ಇನ್ನೊಂದು ದಿನಕ್ಕೆ ಹಾಕಿದರೆ ಬೇಜಾರು ಮಾಡಿಕೊಳ್ಳದೆ ಮನೆಗೆ ಕರ್ಕೊಂಡು ಹೋಗಿ. ಮನೆಯ ಎಲ್ಲ ಮಾತ್ರೆ ಸ್ಟ್ರಿಪ್‌ಗಳನ್ನೂ ಒಂದು ಕವರ್‌ಗೆ ಹಾಕಿ ತನ್ನಿ.

ಈ ವಿಕಿರಣದ ಔಷಧ ಆಂಜಿಯೋಗ್ರಾಂಗೆ ಹಾಕೋ ಡೈ ಅಲ್ಲ, ಕಿಡ್ನಿಗೆ ತೊಂದರೆ ಕೊಡಲ್ಲ. ಮುಗಿದಮೇಲೆ ನೀರು ಚೆನ್ನಾಗಿ ಕುಡಿದು ಆಗಾಗ ಮೂತ್ರಕ್ಕೆ ಹೋಗಲಿ. ಮನೆಯಲ್ಲಿ ಬಸುರಿ ಅಥವಾ ಎಳೆಗೂಸು ಇದ್ದರೆ ಆ ದಿನ ತೊಡೆ ಮೇಲೆ ಕೂರಿಸಿಕೊಳ್ಳೋದು, ಒಟ್ಟಿಗೆ ಮಲಗೋದು ಬೇಡ. ಹತ್ತಿರದಲ್ಲೇ ವಿದೇಶ ಪ್ರಯಾಣ ಇದ್ದರೆ ವಿಭಾಗದಿಂದ ಒಂದು ಪತ್ರ ಬರೆಸಿಕೊಳ್ಳಿ. ಟೆಕ್ನೀಷಿಯಂ ಎರಡು ಮೂರು ದಿನ, ಥಾಲಿಯಂ ಕೆಲವು ವಾರ ಗಡಿಯಲ್ಲಿರೋ ವಿಕಿರಣ ಪತ್ತೆ ಯಂತ್ರಗಳಿಗೆ ಸಿಕ್ಕಿಬೀಳುತ್ತೆ.