ಫ್ರೆಂಚ್ ಚಿತ್ರ ನಿರ್ದೇಶಕ ಗೊದಾರ್‌ ಅವರ ‘ಇಸ್ತ್ವಾರ್ ದ್ಯು ಸಿನೆಮಾ’ (ಸಿನಿಮಾದ ಇತಿಹಾಸ) ಸಾಕ್ಷ್ಯಚಿತ್ರವೇ?

ಕಲಬುರಗಿಯ ನಿಮ್ಮ ಗೆಳೆಯರ ಬಳಗಕ್ಕೆ ಇದನ್ನು ತೋರಿಸುವ ಮುನ್ನ ಕೇಳಿದ್ದು ಒಳ್ಳೆಯದಾಯಿತು. ಸಾಕ್ಷ್ಯಚಿತ್ರವೆಂದುಕೊಂಡು ಕುಳಿತರೆ ನಿರಾಸೆ ಖಂಡಿತ. ಇದು ಪ್ರಬಂಧ ಚಿತ್ರ, ಅಂದರೆ ಪ್ರಬಂಧದಂತೆ ನಿರ್ದೇಶಕರ ವಿಚಾರವನ್ನು ಮಂಡಿಸುವ ಚಿತ್ರ. 1988ರಿಂದ 1998ರವರೆಗೆ ವಿಡಿಯೊದಲ್ಲಿ ತಯಾರಾದ ಎಂಟು ಭಾಗಗಳಲ್ಲಿ ಇಸವಿವಾರು ಇತಿಹಾಸವಿಲ್ಲ. ಗೊದಾರ್ ದೃಶ್ಯದ ಮೇಲೆ ದೃಶ್ಯ ಹೇರಿ ವಾದ ಹೂಡುತ್ತಾರೆ.

ಒಂದು ಉದಾಹರಣೆ: ಹಾಲಿವುಡ್ ನಿರ್ದೇಶಕ ಜಾರ್ಜ್ ಸ್ಟೀವನ್ಸ್ 1945ರಲ್ಲಿ ಜರ್ಮನಿಯ ದಾಖಾವ್‌ನ ನಾಜಿ ಸೆರೆ ಶಿಬಿರವನ್ನು ಬಣ್ಣದಲ್ಲಿ ಚಿತ್ರೀಕರಿಸಿದವರು. ಅವರದೇ 1951ರ ಕಥಾಚಿತ್ರದಲ್ಲಿ ನಟಿ ಎಲಿಜಬೆತ್ ಟೇಲರ್ ಈಜುಡುಗೆಯಲ್ಲಿ ನಗುತ್ತಾರೆ. ಗೊದಾರ್ ಈ ಎರಡನ್ನೂ ಜೋಡಿಸುತ್ತಾರೆ. ಶಿಬಿರದ ಹೆಣಗಳ ಬೆನ್ನಿಗೇ ಆ ನಗು ಬಂದಾಗ, ನಾಜಿ ಶಿಬಿರಗಳ ಭೀಕರತೆಯನ್ನು ತೋರಿಸುವ ಕರ್ತವ್ಯವನ್ನು ಸಿನಿಮಾ ಮರೆಯಿತೆಂಬ ಗೊದಾರ್‌ ಅವರ ಆರೋಪ ಕಣ್ಣಿಗೆ ರಾಚುತ್ತದೆ. (ಆರೋಪ ತುಸು ಅತಿಯಾಯಿತೆಂದೇ ನನ್ನ ಅಭಿಪ್ರಾಯ.)

ಒಟ್ಟು ಸುಮಾರು ನಾಲ್ಕೂವರೆ ಗಂಟೆ. ನಿಮ್ಮೂರಿನ ಬೇಸಿಗೆಯಲ್ಲಿ ಒಂದೇ ಸಮನೆ ತೋರಿಸಬೇಡಿ. ಸಂಜೆಗೊಂದು ಭಾಗ ಸಾಕು.