ಗಡಿಯಾರಕ್ಕೂ ಕೇಬಲ್ ಯಾಕೆ?

ಪ್ರಶ್ನೆ: ಪ್ಯಾರಿಸ್‌ನ ಪರಮಾಣು ಗಡಿಯಾರವನ್ನು ಜರ್ಮನಿಯದರ ಜೊತೆ ಫೈಬರ್ ಕೇಬಲ್ ಮೂಲಕ ತಾಳೆ ನೋಡಿದರು ಅಂತ ಓದಿದೆ. ಸ್ಯಾಟಲೈಟ್ ಇರುವಾಗ ಕೇಬಲ್ ಯಾಕೆ ಸರ್? ಸಿಗ್ನಲ್ ತಲುಪುವಷ್ಟರಲ್ಲಿ ತಡವಾಗಲ್ವಾ?
– ಓದುಗರೊಬ್ಬರು, ಶಿರಸಿ

ಉತ್ತರ: ತಡವಾಗುತ್ತದೆ. ಗಾಜಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಅಷ್ಟೇ ಓಡುತ್ತದೆ. ಆದರೆ ತೊಂದರೆ ತಡದ್ದಲ್ಲ. ಇಲ್ಲಿ ತಾಳೆ ನೋಡುವುದು ಗಂಟೆ ಎಷ್ಟಾಯಿತು ಅಂತಲ್ಲ, ಎರಡೂ ಗಡಿಯಾರ ಒಂದೇ ವೇಗದಲ್ಲಿ ಓಡುತ್ತಿವೆಯಾ ಅಂತ. ನಿಮ್ಮೂರಿಂದ ಹುಬ್ಬಳ್ಳಿಗೆ ಗಂಟೆಗೊಂದು ಬಸ್ ಬಿಟ್ಟರೆ, ದಾರಿ ಎಷ್ಟೇ ಹೊತ್ತು ಹಿಡಿಯಲಿ, ಅಲ್ಲಿಗೂ ಗಂಟೆಗೊಂದೇ ಬಂದು ಸೇರುತ್ತದೆ ಅಲ್ವಾ? ದಾರಿಯೇ ಉದ್ದವಾಗುತ್ತಾ ಹೋದರೆ ಮಾತ್ರ ಲೆಕ್ಕ ಕೆಡುತ್ತದೆ. ಇಲ್ಲಿ ಬಸ್ ಅಂದರೆ ಬೆಳಕಿನ ಅಲೆ. ಸೆಕೆಂಡಿಗೆ ಸುಮಾರು 194 ಲಕ್ಷ ಕೋಟಿ ಬಸ್ಸು!

ಫೈಬರ್ ದಾರಿ ನಿಜವಾಗಿಯೂ ಉದ್ದವಾಗುತ್ತದೆ. ನಾನು 22 ವರ್ಷ ಕೇಬಲ್ ಜಾಯಿಂಟ್ ಹಾಕಿದವನು. ಜೆಸಿಬಿ ಕಿತ್ತುಹಾಕಿದ ಜಾಗ ಓಟಿಡಿಆರ್‌ನಲ್ಲಿ (ಬೆಳಕು ಬಿಟ್ಟು ಕೇಬಲ್ ತುಂಡಾದ ಜಾಗ ಹುಡುಕುವ ಯಂತ್ರ) ಒಂದೆರಡು ಮೀಟರ್ ಆಚೀಚೆ ಸಿಕ್ಕರೆ ನಮಗೆ ಹಬ್ಬ. ಈ ಗಡಿಯಾರದವರಿಗೆ ಅದು ಸಾಲದು. 1 ಕಿ.ಮೀ. ಫೈಬರ್ 1 ಡಿಗ್ರಿ ಬಿಸಿಯಾದರೆ ಬೆಳಕಿನ ದಾರಿ ಸುಮಾರು 7 ಮಿ.ಮೀ. ಜಾಸ್ತಿಯಾಗುತ್ತದೆ. ಮೇಲೆ ಲಾರಿ ಹೋದರೂ ಎಳೆ ನಡುಗುತ್ತದೆ.

ಅದಕ್ಕೆ ದೂರದ ತುದಿಯಿಂದ ಸ್ವಲ್ಪ ಬೆಳಕನ್ನು ಅದೇ ಎಳೆಯಲ್ಲಿ ವಾಪಸ್ ಕಳಿಸುತ್ತಾರೆ. ಹೋಗಿ ಬಂದ ಬೆಳಕಿಗೆ ದಾರಿಯ ಏರುಪೇರು ಎರಡು ಸಲ ತಗುಲಿರುತ್ತದೆ. ಅದರ ಅರ್ಧವನ್ನು ಹೊರಡುವ ಬೆಳಕಿಗೆ ಮೊದಲೇ ಉಲ್ಟಾ ಸೇರಿಸಿಬಿಟ್ಟರೆ ಆ ತುದಿಗೆ ಸರಿಯಾಗಿ ತಲುಪುತ್ತದೆ. ಹೇಳಲು ಸುಲಭ. ಟೆಲಿಕಾಂನಲ್ಲಿ ಹೋಗಲು ಒಂದು ಎಳೆ, ಬರಲು ಇನ್ನೊಂದು, ಆಂಪ್ಲಿಫೈಯರ್‌ಗಳೂ ಒನ್‌ವೇ. ಆ ಒನ್‌ವೇ ಸಾಮಾನನ್ನೆಲ್ಲ ತಪ್ಪಿಸಿ, ಎರಡೂ ಕಡೆಗೆ ಬಿಡುವ ಆಂಪ್ಲಿಫೈಯರ್ ಹಾಕಬೇಕು. ನನಗೆ ಗಡಿಯಾರಕ್ಕಿಂತ ಈ ಕೆಲಸದ ಮೇಲೇ ಗೌರವ ಜಾಸ್ತಿ.

ಇನ್ನು ಸ್ಯಾಟಲೈಟ್. ಅದರಲ್ಲಿ ದಶಾಂಶದ 16ನೇ ಸ್ಥಾನ ಮುಟ್ಟಬೇಕಾದರೆ ದಿನಗಟ್ಟಲೆ ಅಳೆಯಬೇಕು. ಫೈಬರ್‌ನಲ್ಲಿ ಒಂದು ಗಂಟೆಯೊಳಗೇ ಅದನ್ನು ದಾಟಬಹುದು. ನೀವು ಓದಿದ್ದು 2016ರಲ್ಲಿ ಪ್ರಕಟವಾದ ಕೆಲಸ ಇರಬೇಕು. ಪ್ಯಾರಿಸ್ ಮತ್ತು ಜರ್ಮನಿಯ ಬ್ರೌನ್‌ಶ್ವೈಗ್ ನಡುವೆ 1,415 ಕಿ.ಮೀ. ಫೈಬರ್, ಎರಡೂ ಕಡೆಯ ಬೆಳಕು ಫ್ರಾನ್ಸ್ ಗಡಿಯ ಊರಾದ ಸ್ಟ್ರಾಸ್‌ಬರ್ಗ್‌ನಲ್ಲಿ ಸೇರಿತು. ಫ್ರಾನ್ಸ್ ಭಾಗದಲ್ಲಿ ಇಂಟರ್ನೆಟ್ ಓಡುವ ಫೈಬರ್‌ನಲ್ಲೇ, ಬೇರೆ ಬಣ್ಣದ ಬೆಳಕಾಗಿ ಹೋಯಿತು. ಸ್ಟ್ರಾನ್ಷಿಯಂ ಎಂಬ ಲೋಹದ ಪರಮಾಣುಗಳಿಂದ ನಡೆಯುವ ಎರಡೂ ಗಡಿಯಾರಗಳು ತಾಳೆಯಾದವು. ಅನುಮಾನ ಉಳಿದದ್ದು ಎಷ್ಟು ಗೊತ್ತೇ? ದಶಾಂಶ ಚುಕ್ಕಿಯ ನಂತರ 16 ಸೊನ್ನೆ ಹಾಕಿ ಒಂದು 5 ಬರೆಯಿರಿ, ಒಂದು ಸೆಕೆಂಡಿಗೆ ಅಷ್ಟು ಸೆಕೆಂಡ್.

ಅದಕ್ಕೂ ಮೊದಲು ಎರಡು ಊರುಗಳ ಎತ್ತರದ ಸುಮಾರು 25 ಮೀಟರ್ ವ್ಯತ್ಯಾಸವನ್ನು ಕಳೆಯಬೇಕಾಯಿತು. ಎತ್ತರದಲ್ಲಿರುವ ಗಡಿಯಾರ ಸ್ವಲ್ಪ ಬೇಗ ಓಡುತ್ತದೆ. ಇಂಥ ಗಡಿಯಾರವನ್ನು ನೆಲದಿಂದ ಅಟ್ಟಕ್ಕೆ ಎತ್ತಿಟ್ಟರೂ ಈ ಕೇಬಲ್‌ನಲ್ಲಿ ಗೊತ್ತಾಗುತ್ತದೆ.